ಕುದುರೆ ಲಾಯದಲ್ಲೊಂದು ಶಾಲೆ

ಬಿಳಿಜೋಳದ ರಾಶಿ ಮುಗಿದು ಕಣಿಕಿ ಬಣವೆ ಸೇರುವ ಹೊತ್ತಿಗೆ ಅಥಣಿ ರಸ್ತೆಯ ಅಕ್ಕಪಕ್ಕದ ಎರೆಹೊಲಗಳಿಗೆ ಕುರಿ ಹಿಂಡುಗಳು ಇಳಿಯುತ್ತವೆ. ವಿಜಯಪುರ ಬಿಟ್ಟು ತೊರವಿ ದಾಟಿ ತಿಕೋಟಾ ಕಡೆ ಹೊರಟವರಿಗೆ, ಬಬಲೇಶ್ವರದ ಒಳರಸ್ತೆ ಹಿಡಿದವರಿಗೆ ಇದು ಕಂಡು ರೂಢಿಯಾದ ನೋಟ. ಹಿಂಡಿನ ಜೊತೆಗೆ ಒಂದೋ ಎರಡೋ ಗಿಡ್ಡ ಕುದುರೆಗಳಿರುತ್ತವೆ. ಅವುಗಳ ಬೆನ್ನ ಮೇಲೆ ಇಡೀ ಸಂಸಾರವೇ ಇದೆ: ಕಂಬಳಿ, ಕುರಿಗಳ ಸುತ್ತ ಕಟ್ಟುವ ಬಲೆ, ಹಿಟ್ಟಿನ ಚೀಲ, ಕೊಡ, ಹಂಚು, ಹಿಂದಿನ ರಾತ್ರಿ ಹುಟ್ಟಿದ ಮರಿ. ಅದೆಲ್ಲದರ ಮೇಲೆ ಐದಾರು ವರ್ಷದ ಒಂದು ಮಗು. ಜೀನಿಲ್ಲ, ರಿಕಾಪಿಲ್ಲ. ಕುದುರೆ ಕಾಲುವೆ ದಾಟುವಾಗ ಮಗು ತಾನಾಗಿಯೇ ಮುಂದಕ್ಕೆ ಬಾಗುತ್ತದೆ, ಇಳಿಜಾರು ಬಂದಾಗ ಹಿಂದಕ್ಕೆ ಸರಿಯುತ್ತದೆ. ಹಾಗೆ ಮಾಡೆಂದು ಅದಕ್ಕೆ ಯಾರೂ ಹೇಳಿಕೊಟ್ಟಿಲ್ಲ.

ಬೆಂಗಳೂರು, ಮೈಸೂರಿನ ಕೆಲವು ಮನೆಗಳಲ್ಲಿ ಅದೇ ವಯಸ್ಸಿನ ಮಕ್ಕಳ ತಂದೆತಾಯಿ ಬೇರೆಯದೇ ಯೋಚನೆಯಲ್ಲಿದ್ದಾರೆ. ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಕಲಿಸುವ ಹೋಮ್‌ಸ್ಕೂಲಿಂಗ್ ಕುಟುಂಬಗಳವು. ಪುಸ್ತಕದ ಆಚೆಗೆ ಮಗುವಿನ ಮೈ-ಮನಸ್ಸು ಎರಡೂ ತೊಡಗುವ ಒಂದು ಕಲಿಕೆ ಅವರಿಗೆ ಬೇಕು. ಅಮೆರಿಕ, ಇಂಗ್ಲೆಂಡಿನಲ್ಲಿ ಇಂಥ ಕುಟುಂಬಗಳು ಕುದುರೆಯನ್ನೇ ಪಾಠದ ನಡುವೆ ತಂದು ನಿಲ್ಲಿಸಿರುವುದನ್ನು ಅವರು ಓದಿರುತ್ತಾರೆ. ಆದರೆ ನಮ್ಮಲ್ಲಿ ಕುದುರೆ ಸವಾರಿ ಎಂದೊಡನೆ ಕಣ್ಣಿಗೆ ಬರುವುದು ದುಬಾರಿ ಕ್ಲಬ್ಬು, ಚರ್ಮದ ಬೂಟು, ತಿಂಗಳ ಶುಲ್ಕ. ಹೀಗಾಗಿ ಆಸೆ ಅಲ್ಲಿಗೇ ನಿಲ್ಲುತ್ತದೆ.

ಒಂದು ಕಡೆ ಕುದುರೆಯನ್ನು ಬಲ್ಲ, ಅಕ್ಷರ ಸಿಗದ ಮಕ್ಕಳು. ಇನ್ನೊಂದು ಕಡೆ ಅಕ್ಷರವಿದ್ದೂ ಪ್ರಾಣಿಯ ಒಡನಾಟವಿಲ್ಲದ ಮಕ್ಕಳು. ಇಬ್ಬರೂ ಅಥಣಿ ರಸ್ತೆಯಂಥ ಒಂದೇ ರಸ್ತೆಯಲ್ಲಿ ಎದುರುಬದುರಾಗಿ ಹಾದುಹೋಗುತ್ತಾರೆ. ಕುದುರೆಯಿಂದ ಮಗು ಕಲಿಯುವ ವಿದ್ಯೆಯ ಮುಕ್ಕಾಲು ಪಾಲು ಇರುವುದು ನೆಲದ ಮೇಲೆ, ಲಾಯದಲ್ಲಿ. ಅದಕ್ಕೆ ಕ್ಲಬ್ಬು ಬೇಡ. ಅದನ್ನು ಕಲಿಸಬಲ್ಲವರು ನಮ್ಮ ಸೀಮೆಯಲ್ಲೇ ಇದ್ದಾರೆ. ಈ ಲೇಖನ ಹೇಳಹೊರಟಿರುವುದು ಇದನ್ನೇ.

ಮನೆಯಲ್ಲಿ ಕಲಿಯುವುದು, ಕುದುರೆಯ ಜೊತೆ ಕಲಿಯುವುದು ಎರಡೂ ಈ ನಾಡಿಗೆ ಹೊಸತಲ್ಲ. ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ ಸಂಸ್ಕೃತ ಗ್ರಂಥ ಮಾನಸೋಲ್ಲಾಸದಲ್ಲಿ ವಾಜಿವಾಹ್ಯಾಲಿ ವಿನೋದ ಎಂಬ ಭಾಗವೇ ಇದೆ. ಕುದುರೆಯನ್ನು ಆರಿಸುವುದು, ಪಳಗಿಸುವುದು, ಅದರ ಮೇಲೆ ಕೂತು ಚೆಂಡಾಡುವುದು ಅಲ್ಲಿನ ವಿಷಯ. ಆಗ ವಿಜಯಪುರವೂ ಆ ರಾಜ್ಯದೊಳಗೇ ಇತ್ತು. ಮುಂದೆ ಆದಿಲಶಾಹಿಗಳ ಕಾಲದಲ್ಲಿ ಈ ಊರಿಗೆ ಅರಬ್ಬಿ ಕುದುರೆಗಳು ಹಡಗಿನಲ್ಲಿ ಗೋವೆಗೆ ಬಂದಿಳಿದು, ಘಟ್ಟ ಹತ್ತಿ ಬರುತ್ತಿದ್ದವು. 1510ರಲ್ಲಿ ಪೋರ್ಚುಗೀಸರು ಗೋವೆಯನ್ನು ವಿಜಯಪುರದ ಕೈಯಿಂದ ಕಿತ್ತುಕೊಂಡಾಗ, ಬಂದರಿನ ಜೊತೆ ಕುದುರೆ ವ್ಯಾಪಾರದ ಹಿಡಿತವೂ ಅವರ ಕೈಸೇರಿತು. ಅಲ್ಲಿಂದಾಚೆಗೆ ಒಳ್ಳೆಯ ಕುದುರೆಗಾಗಿ ವಿಜಯನಗರವೂ ವಿಜಯಪುರವೂ ಅವರ ಮುಖ ನೋಡಬೇಕಾಯಿತು. ಎರಡನೆಯ ಇಬ್ರಾಹಿಂ ಆದಿಲಶಾಹ ಬಾಲಕನಾಗಿದ್ದಾಗ ರಾಜ್ಯದ ಹೊಣೆ ಹೊತ್ತಿದ್ದ ಚಾಂದ್‌ಬೀಬಿಯನ್ನು ದಖನಿ ಚಿತ್ರಕಾರರು ಮತ್ತೆ ಮತ್ತೆ ಬರೆದದ್ದು ಹೇಗೆ ಗೊತ್ತೇ? ಕುದುರೆಯ ಮೇಲೆ, ಕೈಯಲ್ಲಿ ಬೇಟೆಯ ಗಿಡುಗ ಹಿಡಿದಂತೆ. ಕಾಕತಿಯಲ್ಲಿ ಹುಟ್ಟಿದ ಕಿತ್ತೂರ ಚನ್ನಮ್ಮನ ಬಾಲ್ಯದ ಕಥೆಯಲ್ಲೂ ಕುದುರೆ ಸವಾರಿ ಮತ್ತು ಕತ್ತಿವರಸೆ ಜೋಡಿಯಾಗಿಯೇ ಬರುತ್ತವೆ.

ಇವೆಲ್ಲ ಅರಮನೆಯ ಮಕ್ಕಳ ಓದು. ನನಗೆ ಹೆಚ್ಚು ಮುಖ್ಯವೆನಿಸುವುದು ಅರಮನೆಯ ಹೊರಗಿದ್ದ ಕುದುರೆ. ಹಡಗಿನಲ್ಲಿ ಬಂದ ಎತ್ತರದ ಅರಬ್ಬಿ ಸರದಾರನ ಪಾಲಾಯಿತು. ದಿನದ ಕೆಲಸ ಮಾಡಿದ್ದು ದಖನಿನ ಗಿಡ್ಡ ತಟ್ಟು. ಒಣ ಹುಲ್ಲು ತಿಂದು, ಕಲ್ಲು ನೆಲದಲ್ಲಿ ನಡೆದು, ಬರಗಾಲ ತಡೆದುಕೊಂಡ ತಳಿ ಅದು. ಭೀಮಾ ನದಿಯ ದಂಡೆಯ ಹೆಸರು ಹೊತ್ತ ಭೀಮಥಡಿ ಕುದುರೆ ಇದೇ ಪರಂಪರೆಯದು. ಮರಾಠರ ಕಾಲದಲ್ಲಿ ಪುಣೆ ಸೀಮೆಯಲ್ಲಿ ಅರಬ್ಬಿ, ತುರ್ಕಿ ಕುದುರೆಗಳನ್ನು ಊರ ತಟ್ಟುಗಳೊಂದಿಗೆ ಬೆರೆಸಿ ಬೆಳೆಸಿದ ಈ ತಳಿಯನ್ನು ಇಂದಿಗೂ ಉಳಿಸಿಕೊಂಡು ಬಂದವರು ವಲಸೆ ಹೋಗುವ ಕುರಿಗಾಹಿಗಳು. ಭಾರತೀಯ ಕೃಷಿ ಅನುಸಂಧಾನ ಪರಿಷತ್ತು ಈಚೆಗೆ ಇದನ್ನು ದೇಶದ ಅಧಿಕೃತ ಕುದುರೆ ತಳಿಗಳ ಪಟ್ಟಿಗೆ ಸೇರಿಸಿದೆ. ಮಾರವಾಡಿ, ಕಾಠಿಯಾವಾಡಿ, ಮಣಿಪುರಿಯಂಥ ಹೆಸರುವಾಸಿ ತಳಿಗಳ ಸಾಲಿನಲ್ಲಿ ಈಗ ಕುರಿಗಾರನ ಕುದುರೆಯೂ ನಿಂತಿದೆ. ಸಾಕಿದವರಿಗೆ ಆ ಮನ್ನಣೆಯ ಪಾಲು ಇನ್ನೂ ಸಿಕ್ಕಿಲ್ಲ.

ಹಾಗಾದರೆ ಪಾಠ ಎಲ್ಲಿಂದ ಶುರುವಾಗಬೇಕು? ಕುದುರೆಯ ಹತ್ತಿರ ಹೋಗುವುದರಿಂದ. ಟಾಂಗಾದವರಾಗಲಿ ಕುರಿಗಾರರಾಗಲಿ ಹೊಸ ಮಗುವಿಗೆ ಮೊದಲು ಹೇಳುವ ಮಾತು ಒಂದೇ: “ಹಿಂದ ನಿಂದರಬ್ಯಾಡೋ ತಮ್ಮಾ, ಮಗ್ಗಲಿಗೆ ಬಾ. ಅದಕ್ಕ ನೀ ಕಾಣಬೇಕು.” ಈ ಮಾತಿನೊಳಗೆ ಜೀವಶಾಸ್ತ್ರದ ಒಂದು ಅಧ್ಯಾಯವೇ ಇದೆ. ಕುದುರೆಯ ಕಣ್ಣುಗಳು ತಲೆಯ ಎರಡು ಬದಿಗಿವೆ. ತನ್ನ ಸುತ್ತಲಿನ ಹೆಚ್ಚುಕಡಿಮೆ ಎಲ್ಲವೂ ಅದಕ್ಕೆ ಕಾಣುತ್ತದೆ. ಕಾಣದಿರುವುದು ಎರಡೇ ಜಾಗ: ನೇರ ಬಾಲದ ಹಿಂದೆ, ಮತ್ತು ಹಣೆಯ ಎದುರು ಮೂಗಿಗೆ ತೀರ ಹತ್ತಿರದಲ್ಲಿ. ಸಾವಿರಾರು ತಲೆಮಾರು ಬೇಟೆಗೆ ಗುರಿಯಾಗಿ ಬದುಕಿದ ಪ್ರಾಣಿ ಅದು, ಕಾಣದ ಕಡೆಯಿಂದ ಏನಾದರೂ ತಾಗಿದರೆ ಮೊದಲು ಒದೆಯುತ್ತದೆ, ಆಮೇಲೆ ತಿರುಗಿ ನೋಡುತ್ತದೆ. ಹುಲಿಯ ಕಣ್ಣು ಮುಂದಕ್ಕೇಕೆ, ಜಿಂಕೆಯ ಕಣ್ಣು ಬದಿಗೇಕೆ ಎಂಬ ಪ್ರಶ್ನೆಯನ್ನು ಮಗು ತಾನೇ ಕೇಳುವಂತೆ ಮಾಡಲು ಇದಕ್ಕಿಂತ ಒಳ್ಳೆಯ ಜಾಗ ಬೇರೆ ಸಿಗದು.

ಆಮೇಲೆ ಗಣಿತ. ದರ್ಜಿಯ ಟೇಪು ಮತ್ತು ಒಂದು ನೋಟ್‌ಬುಕ್ ಇದ್ದರೆ ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತ ಟೇಪು ಹಾಯಿಸಿ ಅಳತೆ ಬರೆದುಕೊಳ್ಳಬೇಕು. ಭುಜದ ಮುಂತುದಿಯಿಂದ ಪೃಷ್ಠದ ಹಿಂತುದಿಯವರೆಗೆ ಉದ್ದ ಹಿಡಿಯಬೇಕು. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿದರೆ ಕುದುರೆಯ ತೂಕ ಕೆ.ಜಿ. ಲೆಕ್ಕದಲ್ಲಿ ಸುಮಾರಾಗಿ ಸಿಗುತ್ತದೆ. ತಕ್ಕಡಿ ಇಲ್ಲದ ಕಡೆ ಪಶುವೈದ್ಯರು ಬಳಸುವ ಸೂತ್ರ ಇದು. ಒಂದು ಗಿಡ್ಡ ಕುದುರೆಯ ಎದೆ 150 ಸೆಂ.ಮೀ., ಉದ್ದ 135 ಸೆಂ.ಮೀ. ಎನ್ನಿ. 150 ಗುಣಿಸು 150 ಅಂದರೆ 22,500. ಅದನ್ನು 135ರಿಂದ ಗುಣಿಸಿದರೆ 30,37,500. 11,880ರಿಂದ ಭಾಗಿಸಿದಾಗ ಸಿಗುವುದು ಸುಮಾರು 256 ಕೆ.ಜಿ.

ಇಲ್ಲಿಗೆ ನಿಂತರೆ ಅದು ಬರೀ ಲೆಕ್ಕ. ಮುಂದಕ್ಕೆ ಹೋದರೆ ವಿವೇಕ. ಕುದುರೆ ತನ್ನ ತೂಕದ ಐದನೇ ಒಂದು ಪಾಲಿಗಿಂತ ಹೆಚ್ಚು ಭಾರ ಹೊರಬಾರದು ಎಂಬುದು ಸಾಮಾನ್ಯವಾಗಿ ಒಪ್ಪಿಕೊಂಡ ಮಿತಿ. 256ರ ಐದನೇ ಒಂದು ಪಾಲು 51 ಕೆ.ಜಿ., ಅದೂ ಜೀನು ಸೇರಿಸಿ. ಹತ್ತು ವರ್ಷದ ಮಗು ಈ ಕುದುರೆಯ ಮೇಲೆ ಕೂರಬಹುದು, ಅಪ್ಪ ಕೂರುವಂತಿಲ್ಲ. ಇದನ್ನು ಮಗುವೇ ಲೆಕ್ಕ ಹಾಕಿ ಅಪ್ಪನಿಗೆ ಹೇಳಲಿ. ಕುದುರೆಗೆ ದಿನಕ್ಕೆ ಬೇಕಾಗುವ ಒಣಮೇವು ಅದರ ತೂಕದ ನೂರಕ್ಕೆ ಎರಡು ಪಾಲು, ಅಂದರೆ ಐದು ಕೆ.ಜಿ.ಯಷ್ಟು. ನೀರು ನೂರು ಕೆ.ಜಿ. ತೂಕಕ್ಕೆ ಸುಮಾರು ಐದು ಲೀಟರ್, ನಮ್ಮ ಏಪ್ರಿಲ್-ಮೇ ಬಿಸಿಲಿನಲ್ಲಿ ಅದು ದುಪ್ಪಟ್ಟಾಗಬಹುದು. ಹುಲ್ಲಿನ ದರ, ಹುರುಳಿಯ ದರ, ತಿಂಗಳ ಖರ್ಚು ಎಲ್ಲ ಅದೇ ನೋಟ್‌ಬುಕ್ಕಿಗೆ ಸೇರುತ್ತದೆ. ಶೇಕಡಾವಾರು ಎಂದರೆ ಏನೆಂದು ಆ ಮಗುವಿಗೆ ಮತ್ತೆ ಹೇಳಿಕೊಡಬೇಕಾಗಿಲ್ಲ.

ಎತ್ತರದ ಅಳತೆಯಲ್ಲಿ ಇನ್ನೂ ಸೊಗಸಾದ ಪಾಠವಿದೆ. ಜಗತ್ತಿನ ಹಲವೆಡೆ ಕುದುರೆ ಮಂದಿ ಎತ್ತರ ಹೇಳುವುದು ಹ್ಯಾಂಡ್ ಲೆಕ್ಕದಲ್ಲಿ, ಒಂದು ಹ್ಯಾಂಡ್ ಎಂದರೆ 4 ಇಂಚು. 12.2 ಹ್ಯಾಂಡ್ ಎಂದು ಬರೆದರೆ ಅದು ಹನ್ನೆರಡು ಹ್ಯಾಂಡ್ ಮೇಲೆ ಎರಡು ಇಂಚು, ಒಟ್ಟು 50 ಇಂಚು. 12.3 ಆದ ಮೇಲೆ ಬರುವುದು 12.4 ಅಲ್ಲ, 13. ಚುಕ್ಕಿ ಇಟ್ಟದ್ದೆಲ್ಲ ದಶಮಾಂಶವಲ್ಲ ಎಂಬುದು ಐದನೇ ಇಯತ್ತೆಯ ಮಗುವಿಗೆ ಇಷ್ಟು ಸಲೀಸಾಗಿ ಬೇರೆಲ್ಲೂ ಮನದಟ್ಟಾಗದು. ಸಾಮಾನ್ಯವಾಗಿ 14.2 ಹ್ಯಾಂಡ್‌ಗಿಂತ ಗಿಡ್ಡ ಇದ್ದದ್ದನ್ನು ಪೋನಿ ಎನ್ನುತ್ತಾರೆ.

ಇನ್ನು ಹೊಟ್ಟೆಯ ಪಾಠ. ನಮ್ಮ ಹಳ್ಳಿಯ ಮಗುವಿಗೆ ಆಕಳು, ಎಮ್ಮೆ ಗೊತ್ತು. ಅವು ಮೆಲುಕು ಹಾಕುತ್ತವೆ, ಕುದುರೆ ಹಾಕುವುದಿಲ್ಲ. ಆಕಳ ಗೊರಸು ಸೀಳಿದೆ, ಕುದುರೆಯದು ಒಂದೇ. ಎರಡನ್ನೂ ಒಂದೇ ಅಂಗಳದಲ್ಲಿ ಕಟ್ಟಿ ನೋಡುವ ಭಾಗ್ಯ ಪಟ್ಟಣದ ಪ್ರಯೋಗಾಲಯಕ್ಕಿಲ್ಲ. ಆಕಳಿಗೆ ನಾಲ್ಕು ಕೋಣೆಯ ಹೊಟ್ಟೆ. ಕುದುರೆಗೆ ಒಂದೇ, ಅದೂ ಅದರ ಗಾತ್ರಕ್ಕೆ ಹೋಲಿಸಿದರೆ ಚಿಕ್ಕದು. ಹುಲ್ಲು ಹುದುಗಿ ಕರಗುವುದು ಹಿಂದಿನ ದೊಡ್ಡ ಕರುಳಿನಲ್ಲಿ. ಅದಕ್ಕೇ ಕುದುರೆ ಸ್ವಲ್ಪ ಸ್ವಲ್ಪವಾಗಿ ದಿನವಿಡೀ ಮೇಯಬೇಕು. ಒಮ್ಮೆಲೇ ಬುಟ್ಟಿ ತುಂಬ ಕಾಳು ಸುರಿದರೆ ಹೊಟ್ಟೆಶೂಲೆ ಬರುತ್ತದೆ. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ. ತಿಂದದ್ದು ಹೆಚ್ಚಾದರೆ ಹೊರಹಾಕುವ ದಾರಿಯೇ ಇಲ್ಲದೆ ಪ್ರಾಣ ಹೋಗಬಹುದು. ಪ್ರೀತಿಯಿಂದ ಹೆಚ್ಚು ತಿನ್ನಿಸುವುದೂ ಕೊಲ್ಲಬಹುದೆಂಬ ಸಂಗತಿ ಮಗುವಿನ ಮನಸ್ಸಿಗೆ ಆಳವಾಗಿ ಇಳಿಯುತ್ತದೆ. ಜೋಳದ ಸೀಮೆಯವರಾದ ನಮಗೆ ಇನ್ನೊಂದು ಪಾಠವೂ ಹತ್ತಿರದ್ದು: ಮಳೆ ಕೈಕೊಟ್ಟು ಬಾಡಿದ ಎಳೆಯ ಹಸಿ ಜೋಳದಲ್ಲಿ ಸಯನೈಡ್ ವಿಷ ಕೂಡುತ್ತದೆ. ಅದನ್ನು ದನಕ್ಕೂ ಕುದುರೆಗೂ ಹಾಕಬಾರದು. ರಸಾಯನಶಾಸ್ತ್ರ ಹೊಲದ ಬದುವಿನಲ್ಲೇ ಇದೆ.

ನಡಿಗೆಯ ತಾಳ ಕೇಳಿಸಿಕೊಳ್ಳುವುದು ನನಗೆ ಬಹಳ ಇಷ್ಟದ ಭಾಗ. ಕುದುರೆ ನಡೆಯುವಾಗ ನಾಲ್ಕು ಗೊರಸೂ ಬೇರೆ ಬೇರೆಯಾಗಿ ನೆಲ ಮುಟ್ಟುತ್ತವೆ, ನಾಲ್ಕು ಪೆಟ್ಟು. ದುಡಕಿ ಹಿಡಿದಾಗ ಎದುರು ಮೂಲೆಯ ಎರಡೆರಡು ಕಾಲು ಜೋಡಿಯಾಗಿ ಬೀಳುತ್ತವೆ, ಎರಡು ಪೆಟ್ಟು. ಅದಕ್ಕಿಂತ ಮುಂದಿನ ಓಟದಲ್ಲಿ ಮೂರು ಪೆಟ್ಟು. ನಾಗಾಲೋಟದಲ್ಲಿ ಮತ್ತೆ ನಾಲ್ಕು, ಆದರೆ ಒಂದರ ಬೆನ್ನಿಗೊಂದು ಅಂಟಿಕೊಂಡಂತೆ. ಮಕ್ಕಳು ಕಣ್ಣು ಮುಚ್ಚಿ ಕೂತು, ಬರಿ ಸಪ್ಪಳ ಕೇಳಿ ಚಪ್ಪಾಳೆ ತಟ್ಟುತ್ತ ಕುದುರೆ ಯಾವ ನಡೆಯಲ್ಲಿದೆ ಎಂದು ಹೇಳಲಿ. ಸಂಗೀತಕ್ಕೆಂದೇ ಎರಡನೆಯ ಇಬ್ರಾಹಿಂ ಆದಿಲಶಾಹ 1599ರಲ್ಲಿ ನವರಸಪುರ ಕಟ್ಟಲು ತೊಡಗಿದ್ದು ಇದೇ ತೊರವಿಯ ಮಗ್ಗುಲಲ್ಲಿ. ಲಯದ ಪಾಠಕ್ಕೆ ಇದಕ್ಕಿಂತ ತಕ್ಕ ನೆಲ ಯಾವುದು?

ಕುದುರೆ ಕೊಳ್ಳುವವರು ನಮ್ಮಲ್ಲಿ ಸುಳಿ ನೋಡುತ್ತಾರೆ. ಹಣೆಯ ಮೇಲೆ, ಕತ್ತಿನಲ್ಲಿ, ಎದೆಯಲ್ಲಿ ಕೂದಲು ಸುತ್ತಿಕೊಂಡ ಸುಳಿ ಇಂಥ ಕಡೆ ಇದ್ದರೆ ಮನೆಗೆ ಒಳ್ಳೆಯದು, ಇಂಥ ಕಡೆ ಇದ್ದರೆ ಕೇಡು ಎಂಬ ನಂಬಿಕೆ. ಸುಳಿ ಕೆಟ್ಟದ್ದೆಂದು ಒಳ್ಳೆಯ ಪ್ರಾಣಿಯ ಬೆಲೆ ಇಳಿಯುವುದು ಅನ್ಯಾಯವೇ. ಆದರೆ ಸುಳಿಯನ್ನು ಅಷ್ಟು ಸೂಕ್ಷ್ಮವಾಗಿ ಗುರುತಿಸುವ ಕಣ್ಣು ಇದೆಯಲ್ಲ, ಅದು ವಿದ್ಯೆ. ಒಂದು ಕುದುರೆಯ ಸುಳಿಗಳಂತೆ ಇನ್ನೊಂದರವು ಇರುವುದಿಲ್ಲ. ದೇಶದಿಂದ ದೇಶಕ್ಕೆ ಹೋಗುವ ಕುದುರೆಗಳ ಗುರುತಿನ ಪತ್ರದಲ್ಲಿ ಇವತ್ತಿಗೂ ಸುಳಿಗಳ ಜಾಗವನ್ನು ಚಿತ್ರ ಬರೆದು ದಾಖಲಿಸುತ್ತಾರೆ. ಮಗು ಕುದುರೆಯ ಚಿತ್ರ ಬರೆದು ಸುಳಿಗಳನ್ನು ಗುರುತು ಮಾಡಲಿ. ಶಕುನದ ಮಾತು ಬಂದಾಗ, ಯಾವ ಸುಳಿಯ ಕುದುರೆ ಯಾರ ಮನೆಯಲ್ಲಿ ಎಷ್ಟು ವರ್ಷ ದುಡಿಯಿತು ಎಂದು ಊರಲ್ಲಿ ವಿಚಾರಿಸಿ ಬರೆದುಕೊಳ್ಳಲಿ. ನಂಬಿಕೆಯನ್ನು ಬೈಯದೆ ಪರೀಕ್ಷಿಸುವ ಅಭ್ಯಾಸ ಹಾಗೆಯೇ ಬೆಳೆಯಬೇಕು.

ಇಷ್ಟಾದ ಮೇಲೆ ಮನಸ್ಸಿನ ವಿಷಯ. 1900ರ ದಶಕದ ಆರಂಭದಲ್ಲಿ ಬರ್ಲಿನ್‌ನಲ್ಲಿ ಹಾನ್ಸ್ ಎಂಬ ಕುದುರೆ ಲೆಕ್ಕ ಮಾಡುತ್ತದೆಂದು ಜನ ಮುಗಿಬಿದ್ದಿದ್ದರು. ಮೂರು ಮತ್ತು ಎರಡು ಕೂಡಿಸು ಎಂದರೆ ಐದು ಸಲ ಗೊರಸು ಬಡಿಯುತ್ತಿತ್ತು. ಅದರ ಒಡೆಯ ವಿಲ್ಹೆಲ್ಮ್ ಫಾನ್ ಓಸ್ಟೆನ್ ಒಬ್ಬ ಮೇಷ್ಟರು, ಮೋಸಗಾರನಲ್ಲ. ಆಸ್ಕರ್ ಫುಂಗ್‌ಸ್ಟ್ ಎಂಬ ಮನೋವಿಜ್ಞಾನಿ ತಾಳ್ಮೆಯಿಂದ ಪರೀಕ್ಷಿಸಿ 1907ರಲ್ಲಿ ಗುಟ್ಟು ಬಿಡಿಸಿದ. ಪ್ರಶ್ನೆ ಕೇಳಿದವನಿಗೆ ಉತ್ತರ ಗೊತ್ತಿದ್ದರೆ ಮಾತ್ರ ಹಾನ್ಸ್ ಸರಿಯಾಗಿ ಬಡಿಯುತ್ತಿತ್ತು. ಸರಿಯುತ್ತರ ಬಂದ ಕ್ಷಣ ಕೇಳಿದವನ ತಲೆ ಕೂದಲೆಳೆಯಷ್ಟು ಅಲುಗುತ್ತಿತ್ತು, ಮುಖದ ಬಿಗಿ ಸಡಿಲವಾಗುತ್ತಿತ್ತು. ಮನುಷ್ಯ ತಾನೇ ಅರಿಯದ ಆ ಸನ್ನೆಯನ್ನು ಕುದುರೆ ಓದಿಬಿಡುತ್ತಿತ್ತು.

ಮಗುವನ್ನು ಕುದುರೆಯ ಬಳಿ ಕಳಿಸಲು ನನಗೆ ಕಾಣುವ ದೊಡ್ಡ ಕಾರಣ ಇದೇ. ಶಾಲೆಯಲ್ಲಿ ಮಗು ಭಯವನ್ನು ಮುಚ್ಚಿಟ್ಟುಕೊಳ್ಳಬಹುದು, ಸಿಟ್ಟನ್ನು ನುಂಗಬಹುದು. ಕುದುರೆಯ ಮುಂದೆ ಎರಡೂ ಸಾಗುವುದಿಲ್ಲ. ಉಸಿರು ಬಿಗಿಹಿಡಿದು ಹಗ್ಗ ಜಗ್ಗಿದರೆ ಅದು ಕಿವಿ ಹಿಂದಕ್ಕೆ ಮಡಚಿ ನಿಂತುಬಿಡುತ್ತದೆ. ಉಸಿರು ಬಿಟ್ಟು, ಭುಜ ಇಳಿಸಿ, ತಾನು ಹೊರಟ ದಿಕ್ಕು ನೋಡಿದರೆ ಹಿಂದೆಯೇ ಹೆಜ್ಜೆ ಹಾಕುತ್ತದೆ. ಬೈಯುವವರಿಲ್ಲ, ಅಂಕ ಹಾಕುವವರಿಲ್ಲ. ತನ್ನ ಮೈಯನ್ನು ತಾನೇ ಹದಕ್ಕೆ ತಂದುಕೊಂಡದ್ದಕ್ಕೆ ಉತ್ತರ ಅಲ್ಲೇ, ಆ ಗಳಿಗೆಯಲ್ಲೇ ಸಿಗುತ್ತದೆ. ಮಾತು ಕಡಿಮೆ ಇರುವ, ಗದ್ದಲದ ತರಗತಿಯಲ್ಲಿ ಮುದುಡಿಕೊಳ್ಳುವ ಮಕ್ಕಳಿಗೆ ಕುದುರೆಯ ಒಡನಾಟ ಒಗ್ಗುವುದು ಇದಕ್ಕೇ ಇರಬೇಕು.

ಅಂಗವೈಕಲ್ಯವಿದ್ದವರಿಗೆ ಸವಾರಿ ಆಸರೆಯಾದ ಚರಿತ್ರೆಯೂ ದೊಡ್ಡದು. ಡೆನ್ಮಾರ್ಕಿನ ಲಿಸ್ ಹಾರ್ಟೆಲ್‌ಗೆ 1944ರಲ್ಲಿ ಪೋಲಿಯೊ ತಗುಲಿತು. ಮೊಣಕಾಲಿನ ಕೆಳಗೆ ಶಕ್ತಿ ಮರಳಲೇ ಇಲ್ಲ. ಕುದುರೆ ಹತ್ತಲು, ಇಳಿಯಲು ಬೇರೆಯವರು ಹಿಡಿದೆತ್ತಬೇಕಿತ್ತು. ಅಂಥವರು 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನ ಡ್ರೆಸಾಜ್ ಸ್ಪರ್ಧೆಯಲ್ಲಿ ಗಂಡಸರ ಜೊತೆ ಸೆಣಸಿ ಬೆಳ್ಳಿ ಗೆದ್ದರು. ನಾಲ್ಕು ವರ್ಷದ ಮೇಲೆ ಇನ್ನೊಮ್ಮೆ ಗೆದ್ದರು. ಚಿಕಿತ್ಸೆಯ ಭಾಗವಾಗಿ ಸವಾರಿ ಬಳಸುವ ಕೇಂದ್ರಗಳು ಯೂರೋಪಿನಲ್ಲಿ ಬೆಳೆಯಲು ಈ ಗೆಲುವು ದೊಡ್ಡ ಪ್ರೇರಣೆಯಾಯಿತು. ಆದರೆ ಎಚ್ಚರಿಕೆಯ ಮಾತು ಹೇಳಲೇಬೇಕು. ಕುದುರೆ ರೋಗ ವಾಸಿ ಮಾಡುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡಿ. ಫಿಸಿಯೊಥೆರಪಿಸ್ಟ್ ಸಲಹೆ ಇಲ್ಲದೆ ಅಂಥ ಮಗುವನ್ನು ಕುದುರೆಯ ಮೇಲೆ ಕೂರಿಸಲೂಬೇಡಿ.

ಸವಾರಿಯನ್ನೇ ಆಟವಾಗಿ, ವೃತ್ತಿಯಾಗಿ ಆರಿಸಿಕೊಳ್ಳಬಯಸುವ ಮಕ್ಕಳಿಗೆ ಕರ್ನಾಟಕದಲ್ಲಿ ದಾರಿ ಇಲ್ಲದಿಲ್ಲ. ಕಿತ್ತೂರಿನಲ್ಲಿ 1969ರಲ್ಲಿ ಆರಂಭವಾದ ರಾಣಿ ಚನ್ನಮ್ಮ ಹೆಣ್ಣುಮಕ್ಕಳ ವಸತಿ ಸೈನಿಕ ಶಾಲೆಯಲ್ಲಿ ರೈತರ ಮನೆಯ ಹುಡುಗಿಯರೂ ಕುದುರೆ ಏರುತ್ತಾರೆ. ಬೆಂಗಳೂರಿನ ಎಂಬೆಸಿ ಇಂಟರ್‌ನ್ಯಾಷನಲ್ ರೈಡಿಂಗ್ ಸ್ಕೂಲ್ ನಡೆಯುತ್ತಿರುವುದು 1996ರಿಂದ. ಬೆಂಗಳೂರಿನಲ್ಲೇ ಬೆಳೆದ ಫವಾದ್ ಮಿರ್ಜಾ 2018ರ ಜಕಾರ್ತ ಏಷ್ಯನ್ ಕ್ರೀಡಾಕೂಟದಲ್ಲಿ ಎರಡು ಬೆಳ್ಳಿ ಗೆದ್ದರು. ಅವುಗಳಲ್ಲಿ ಒಂದು, ವೈಯಕ್ತಿಕ ಸವಾರಿಯಲ್ಲಿ ಭಾರತಕ್ಕೆ 1982ರ ನಂತರ ಬಂದ ಮೊದಲ ಏಷ್ಯನ್ ಕ್ರೀಡಾಕೂಟದ ಪದಕ. ಟೋಕಿಯೊ ಒಲಿಂಪಿಕ್ಸ್‌ನ ಫೈನಲ್ ತಲುಪಿ 23ನೇ ಸ್ಥಾನ ಪಡೆದರು. ಅವರ ತಂದೆ ಕುದುರೆಗಳ ವೈದ್ಯರು. ಮಗ ಸವಾರನಾಗುವ ಮೊದಲು ಲಾಯದ ಗಾಳಿಯಲ್ಲೇ ಬೆಳೆದವನೆಂಬುದನ್ನು ಮರೆಯಬಾರದು.

ವಿಜಯಪುರದಲ್ಲಿ ಮನೆಶಾಲೆ ನಡೆಸುವವರಿಗೆ ಕುದುರೆ ಎಲ್ಲಿ ಸಿಗಬೇಕು? ಗೋಳಗುಮ್ಮಟದ ಮುಂದೆ ಪ್ರವಾಸಿಗರಿಗೆ ಕಾಯುವ ಟಾಂಗಾಗಳು ಕಡಿಮೆಯಾಗಿವೆ, ಪೂರ್ತಿ ಹೋಗಿಲ್ಲ. ಮದುವೆ ಮೆರವಣಿಗೆಗೆ ಕುದುರೆ ಸಾಕಿದವರಿದ್ದಾರೆ. ಜಾತ್ರೆಯ ಗಾಡಿ ಶರ್ಯತ್ತಿಗೆ ಕುದುರೆ ತಯಾರು ಮಾಡುವ ರೈತರು ಅಥಣಿ, ಜಮಖಂಡಿ, ಬಬಲೇಶ್ವರ ಸೀಮೆಯಲ್ಲಿ ಬೇಕಾದಷ್ಟಿದ್ದಾರೆ. ಅವರು ಕುದುರೆಯ ಮೇವು, ಮಾಲೀಷು, ಕಾಲಿನ ಆರೈಕೆಯನ್ನು ಬಲ್ಲಷ್ಟು ಯಾವ ಪುಸ್ತಕವೂ ಅರಿಯದು. ಆದರೆ ಶರ್ಯತ್ತಿನ ದಿನ ಡಾಂಬರು ರಸ್ತೆಯಲ್ಲಿ ಬಾರುಕೋಲು ಬೀಸುತ್ತ ಓಡಿಸುವುದನ್ನು ನಾನು ಒಪ್ಪಲಾರೆ. ಮಕ್ಕಳನ್ನು ಅದಕ್ಕೆ ಕರೆದೊಯ್ಯುವುದೂ ತಪ್ಪು. ಕಲಿಯಬೇಕಾದದ್ದು ಉಳಿದ ದಿನಗಳ ಆರೈಕೆಯನ್ನು. ಲಾಳ ಕಟ್ಟುವ ನಾಲಬಂದರ ಮನೆತನಗಳೂ ಈ ಸೀಮೆಯವೇ. ಗೊರಸು ಉಗುರಿನಂತೆ ಬೆಳೆಯುತ್ತದೆ, ಆರರಿಂದ ಎಂಟು ವಾರಕ್ಕೊಮ್ಮೆ ಕೆತ್ತಬೇಕು. ನಾಲಬಂದರು ಗೊರಸನ್ನು ತೊಡೆಯ ಮೇಲಿಟ್ಟುಕೊಂಡು ಹೊರಪದರ ಹೆರೆದು, ಮೊಳೆಯನ್ನು ಒಳಗಿನ ಜೀವಭಾಗಕ್ಕೆ ತಾಗದಂತೆ ಓರೆಯಾಗಿ ಹೊಡೆದು, ಹೊರಬಂದ ತುದಿಯನ್ನು ಮುರಿದು ಮಡಚುವುದನ್ನು ಮಗು ಒಂದು ಸಲ ನೋಡಬೇಕು. ಆ ಮೊಳೆ ಒಂದು ಜೋಳದ ಕಾಳಿನಷ್ಟು ಒಳಗೆ ಸರಿದರೆ ಕುದುರೆ ಕುಂಟುತ್ತದೆ.

ಕುದುರೆಯೇ ಸಿಗದಿದ್ದರೂ ಪಾಠ ನಿಲ್ಲಬೇಕಿಲ್ಲ. ಅಮೆರಿಕದಲ್ಲಿ ಹಳ್ಳಿ ಮಕ್ಕಳಿಗಾಗಿ ಶುರುವಾದ ಫೋರ್-ಎಚ್ ಚಳವಳಿಯಲ್ಲಿ, ಸ್ವಂತ ಕುದುರೆ ಇಲ್ಲದ ಮಕ್ಕಳಿಗೆಂದೇ ಕುದುರೆಯಿಲ್ಲದ ಕುದುರೆ ಪಾಠದ ಯೋಜನೆ ಇದೆ. ಅಂಗರಚನೆ, ಮೇವು, ಬಣ್ಣ, ತಳಿ, ಖರ್ಚುವೆಚ್ಚ ಎಲ್ಲ ಕಲಿತು ಆಮೇಲೆ ನಿಜವಾದ ಕುದುರೆಯ ಬಳಿ ಹೋಗುತ್ತಾರೆ. ಇದನ್ನು ನಾವು ಕಣ್ಣುಮುಚ್ಚಿ ಎರವಲು ತರಬಹುದು.

ಸುರಕ್ಷತೆಯಲ್ಲಿ ಮಾತ್ರ ರಾಜಿ ಬೇಡ. ಕುದುರೆ ಹತ್ತುವ ಮಗುವಿಗೆ ಗಟ್ಟಿ ಹೆಲ್ಮೆಟ್ ಬೇಕು. ರಿಕಾಪಿನಲ್ಲಿ ಪಾದ ಸಿಕ್ಕಿಕೊಳ್ಳದಂತೆ ಹಿಮ್ಮಡಿ ಇರುವ ಬೂಟು ಬೇಕು. ಹಗ್ಗವನ್ನು ಕೈಗೆ ಸುತ್ತಿಕೊಳ್ಳಲೇಬಾರದು. ಕುದುರೆ ಬೆದರಿ ಓಡಿದರೆ ಕೈಯನ್ನೂ ಮಗುವನ್ನೂ ಎಳೆದೊಯ್ಯುತ್ತದೆ. ಧನುರ್ವಾಯುವಿನ ಬೀಜಾಣು ಕುದುರೆಯ ಲದ್ದಿಯಲ್ಲಿ, ಲಾಯದ ಮಣ್ಣಿನಲ್ಲಿ ಇರುತ್ತದೆ. ಸರ್ಕಾರಿ ಲಸಿಕೆ ಪಟ್ಟಿಯಲ್ಲಿ 10 ಮತ್ತು 16ನೇ ವಯಸ್ಸಿಗೆ ಇರುವ ಟಿಡಿ ಚುಚ್ಚುಮದ್ದು ಹಾಕಿಸಿದೆಯೇ ಎಂದು ಮೊದಲು ನೋಡಿಕೊಳ್ಳಿ. ಕುದುರೆಯ ಮೂಗಿನಿಂದ ದಪ್ಪ ಸಿಂಬಳ ಸುರಿಯುತ್ತಿದ್ದರೆ, ಮೈಮೇಲೆ ಗಂಟು-ಹುಣ್ಣು ಕಂಡರೆ ಹತ್ತಿರ ಹೋಗದೆ ಪಶುವೈದ್ಯರಿಗೆ ತಿಳಿಸಬೇಕು. ಗ್ಲಾಂಡರ್ಸ್ ಎಂಬ ರೋಗ ಕುದುರೆಯಿಂದ ಮನುಷ್ಯರಿಗೂ ಹರಡುತ್ತದೆ. ಅದರ ರಕ್ತಪರೀಕ್ಷೆಯನ್ನು ಹರಿಯಾಣದ ಹಿಸಾರ್‌ನಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರ ಮಾಡುತ್ತದೆ.

ಕಾನೂನಿನ ಮಾತೂ ಸ್ವಲ್ಪ ಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. 6ರಿಂದ 14 ವರ್ಷದ ಮಕ್ಕಳನ್ನು ಶಾಲೆಗೆ ಸೇರಿಸುವುದು ಪಾಲಕರ ಕರ್ತವ್ಯ ಎಂದು ಅದು ಹೇಳುತ್ತದೆ. ಹೋಮ್‌ಸ್ಕೂಲಿಂಗ್ ಎಂಬ ಮಾತು ಅದರಲ್ಲಿಲ್ಲ. ಮನೆಯಲ್ಲಿ ಕಲಿತ ಮಕ್ಕಳಲ್ಲಿ ಅನೇಕರು 14 ತುಂಬಿದ ಮೇಲೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ ಹತ್ತನೇ ತರಗತಿ ಪರೀಕ್ಷೆ ಕಟ್ಟುತ್ತಾರೆ. ಈ ದಾರಿ ಹಿಡಿಯುವವರು ಎಲ್ಲವನ್ನೂ ವಿಚಾರಿಸಿಯೇ ಹೊರಡಬೇಕು. ಇಷ್ಟಕ್ಕೂ ಕುದುರೆಯ ಪಾಠಕ್ಕೆ ಶಾಲೆ ಬಿಡಿಸಬೇಕಾಗಿಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮಕ್ಕಳು 6ರಿಂದ 8ನೇ ತರಗತಿಯ ನಡುವೆ 10 ದಿನ ಬ್ಯಾಗಿಲ್ಲದೆ, ಊರಿನ ಕಸುಬುದಾರರ ಬಳಿ ಕಲಿಯಲಿ ಎಂದಿದೆ. ನಮ್ಮ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಸಂಭ್ರಮ ಶನಿವಾರದ ಹೆಸರಿನಲ್ಲಿ ಬ್ಯಾಗ್‌ರಹಿತ ದಿನವೂ ಇದೆ. ಬಡಗಿ, ಕುಂಬಾರರನ್ನು ಕರೆಯುವಂತೆ ಕುದುರೆ ಬಲ್ಲವರನ್ನೂ ಕರೆಯಬಹುದು.

ಇನ್ನು ಹಿಂಡಿನೊಂದಿಗೆ ನಡೆಯುವ ಆ ಮಗು. ಮೇಲೆ ಹೇಳಿದ ಪಾಠಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅದಕ್ಕೆ ಈಗಾಗಲೇ ಬರುತ್ತವೆ. ಕುದುರೆ ನೀರು ಒಲ್ಲೆನೆಂದರೆ ಏನರ್ಥ, ಕಿವಿ ಯಾವ ಕಡೆ ತಿರುಗಿದರೆ ಏನು ಸಪ್ಪಳ, ಎರಡು ಬದಿಯ ಹೊರೆ ಸಮ ತೂಗದಿದ್ದರೆ ಬೆನ್ನಿಗೆ ಎಲ್ಲಿ ಹುಣ್ಣಾಗುತ್ತದೆ, ಎಲ್ಲ ಗೊತ್ತು. ಗೊತ್ತಿಲ್ಲದ್ದು ಅದನ್ನು ಬರೆಯುವ ಅಕ್ಷರ. ಗುಳೆ ಹೋದ ಕೂಲಿಕಾರರ ಮಕ್ಕಳಿಗೆ ಸರ್ಕಾರ ಟೆಂಟ್ ಶಾಲೆ ನಡೆಸಿದ್ದುಂಟು. ಕಬ್ಬು ಕಡಿಯುವವರು, ಕಟ್ಟಡ ಕಟ್ಟುವವರು ತಿಂಗಳುಗಟ್ಟಲೆ ಒಂದೇ ಕಡೆ ಇರುವುದರಿಂದ ಅಲ್ಲಿ ಟೆಂಟ್ ನಿಲ್ಲುತ್ತದೆ. ಕುರಿ ಹಿಂಡು ನಾಲ್ಕು ದಿನಕ್ಕೊಮ್ಮೆ ಹೊಲ ಬದಲಿಸುತ್ತದೆ, ಅದರ ಹಿಂದೆ ಯಾವ ಟೆಂಟೂ ನಡೆಯುವುದಿಲ್ಲ. ತುಬಚಿ-ಬಬಲೇಶ್ವರ ಏತ ನೀರಾವರಿಯಂಥ ಯೋಜನೆಗಳಿಂದ ಎರೆಭೂಮಿಗೆ ನೀರು ಹರಿದು ದ್ರಾಕ್ಷಿ, ಕಬ್ಬು ಬಂದಿವೆ. ರೈತರಿಗೆ ಅದು ಬಾಳು ಕೊಟ್ಟಿದೆ, ನಿಜ. ಬೀಳು ಹೊಲ ಕಡಿಮೆಯಾದಷ್ಟೂ ಹಿಂಡುಗಳು ಇನ್ನೂ ದೂರ ನಡೆಯಬೇಕು, ಮಕ್ಕಳು ಶಾಲೆಯಿಂದ ಇನ್ನಷ್ಟು ದೂರವಾಗುತ್ತಾರೆ. ಈ ಮಕ್ಕಳೂ ಮನೆಯವರಿಂದಲೇ ಕಲಿಯುತ್ತಿದ್ದಾರೆ, ಆದರೆ ಅವರನ್ನು ಹೋಮ್‌ಸ್ಕೂಲಿಂಗ್ ಮಕ್ಕಳೆಂದು ಯಾರೂ ಕರೆಯುವುದಿಲ್ಲ. ಇಲಾಖೆಯ ಲೆಕ್ಕದಲ್ಲಿ ಅವರು ಶಾಲೆ ಬಿಟ್ಟವರು.

ತಿಕೋಟಾ, ಬಬಲೇಶ್ವರದ ಶಾಲೆಗಳ ಗುರುಗಳಿಗೆ, ಮನೆಯಲ್ಲೇ ಮಕ್ಕಳಿಗೆ ಕಲಿಸುವ ತಂದೆತಾಯಿಗೆ ನನ್ನ ವಿನಂತಿ ಇಷ್ಟು. ಮುಂದಿನ ಸುಗ್ಗಿಯ ನಂತರ ನಿಮ್ಮೂರ ಹೊಲದಲ್ಲಿ ಹಿಂಡು ಬಿಟ್ಟಾಗ ಟೇಪು, ನೋಟ್‌ಬುಕ್ ಹಿಡಿದು ಮಕ್ಕಳೊಂದಿಗೆ ಅಲ್ಲಿಗೆ ಹೋಗಿ. ಕುರಿಗಾರ ಮುತ್ಯಾನ ಅಪ್ಪಣೆ ಕೇಳಿ, ಅವರನ್ನೇ ಗುರುವಾಗಿ ಕೂರಿಸಿ, ಕುದುರೆಯ ಪಾಠ ಹೇಳಿಸಿಕೊಳ್ಳಿ. ಅವರ ಆ ದಿನದ ದುಡಿಮೆಗೆ ತಕ್ಕ ಸಂಭಾವನೆ ಕೊಡಿ, ಪುಕ್ಕಟೆ ಕೇಳಬೇಡಿ. ಹಿಂಡಿನ ಮಕ್ಕಳನ್ನೂ ನಿಮ್ಮ ಮಕ್ಕಳ ಮಗ್ಗುಲಿಗೆ ಕೂರಿಸಿಕೊಂಡು, ಅವರು ಹೇಳಿದ ಅಳತೆಯನ್ನು ಅವರ ಕೈಯಿಂದಲೇ ಬರೆಸಿ. ಹೊರಡುವ ಮುಂಚೆ ಆ ಮಕ್ಕಳ ಹೆಸರು, ವಯಸ್ಸು, ಮೂಲ ಊರು, ಹಿಂಡು ಮುಂದೆ ಹೋಗುವ ದಾರಿ ಇಷ್ಟನ್ನು ಕೇಳಿ ಬರೆದು ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ತಲುಪಿಸಿ. ಮುಂದಿನ ಊರಿನ ಶಾಲೆಗೆ ಅವರ ವಿಷಯ ಮೊದಲೇ ತಿಳಿದಿರಲಿ.